ಸೀರೆ ಉಟ್ಟ ಕಲ್ಲುಕೊಳಾಯಿ

ನಡುಮನೆಯ ಕೊಂಡಿಯಿಂದ ಒಂದು ಕೆಂಪು ಸೀರೆ ಇಳಿಬಿದ್ದು ತೂಗುತ್ತಿದೆ. ಅದರ ಮಡಿಲಲ್ಲಿ ನನ್ನ ಮೊಮ್ಮಗಳ ಮಗಳು ಮಲಗಿದ್ದಾಳೆ. ಹುಟ್ಟಿ ಇಪ್ಪತ್ತೆರಡು ದಿನ. ನನ್ನ ಸಂತೋಷವನ್ನು ಎಲ್ಲಿ ಇಡಲಿ ಎಂದು ನನಗೇ ತಿಳಿಯುತ್ತಿಲ್ಲ. ಹಾಲಿನವನಿಗೆ ಹೇಳಿದೆ, ಹೂವಿನವಳಿಗೆ ಹೇಳಿದೆ, ಕೆಳಗಿನ ಮನೆಯವರಿಗೆ ಎರಡು ಸಲ ಹೇಳಿದೆ. ಇನ್ನು ಹೇಳಲು ಯಾರೂ ಉಳಿದಿಲ್ಲವೆಂದು ಬರೆಯಲು ಕೂತಿದ್ದೇನೆ. ನಾನು ಓದಿದ್ದು ಮೂರನೇ ತರಗತಿ, ಅದೂ ತಮಿಳಿನಲ್ಲಿ. ಕನ್ನಡ ಅಕ್ಷರ ಮದುವೆಯಾದ ಮೇಲೆ ನಮ್ಮ ಮನೆಯವರು ಕಲಿಸಿದ್ದು. ಎಲ್ಲಾದರೂ ತಪ್ಪಿದ್ದರೆ ಅದು ಅವರ ಪಾಠದ ತಪ್ಪು.

ನಿನ್ನೆ ಮೊಮ್ಮಗಳು ಕೂಸನ್ನು ತೂಗುತ್ತ ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು. ಅವಳು ಕೋರ್ಟಿಗೆ ಹೋಗುವವಳು. ಮನೆಯಲ್ಲಿಯೂ ಸಾಕ್ಷಿಯನ್ನು ಕೇಳುವ ಹಾಗೇ ಕೇಳುತ್ತಾಳೆ.

“ಅಜ್ಜಿ, ಇದು ಯಾರ ಸೀರೆ? ನಿಂದಾ?”

“ನಂದಲ್ಲ.”

“ನಿಮ್ಮ ಅಮ್ಮಂದಾ?”

“ಅಲ್ಲ ನನ್ನ ಕಣ್ಣು. ಕಲ್ಲಿಂದು.”

“ಕಲ್ಲಿಂದಾ? ಶರಿಯಾಗಿ ಹೇಳಜ್ಜಿ. ಕಲ್ಲು ಸೀರೆ ಉಡುತ್ತಾ?”

“ಒಂದು ಸಲ ಉಟ್ಟಿತ್ತು. ನಿಮ್ಮಮ್ಮ ಆಗ ಒಂದು ತಿಂಗಳ ಕೂಸು. ಅವಳನ್ನ ಎತ್ತಿಕೊಂಡು ನಾನು ಆ ಸೀರೆಯೊಳಗೆ ಹೋಗಿದ್ದೆ.”

ಅವಳು ತೂಗುವುದನ್ನು ನಿಲ್ಲಿಸಿದಳು. ಕೂಸು ಅತ್ತಿತು. ಆಮೇಲೆ ಹೇಳುತ್ತೇನೆ ಎಂದೆ. ಅದನ್ನೇ ಈಗ ಬರೆಯುತ್ತಿದ್ದೇನೆ.

ನನ್ನ ತವರು ಕರುಮತ್ತಂಪಟ್ಟಿಯ ಹತ್ತಿರದ ಒಂದು ಸಣ್ಣ ಪೇಟೆ. ನಮ್ಮದು ನೇಯುವವರ ಬೀದಿ. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲ ಹೊರಗೆ ತಮಿಳು. ಪ್ರತಿ ಮನೆಯಲ್ಲೂ ಗುಂಡಿ ಮಗ್ಗ. ಬೆಳಗಾದರೆ ಬೀದಿಯ ಎರಡು ಬದಿಯಿಂದ ಲಾಳಿಯ ಸದ್ದು ಕೇಳುತ್ತಿತ್ತು. ಎಷ್ಟು ಕೇಳುತ್ತಿತ್ತೆಂದರೆ ಅದು ನಿಂತಾಗ ಮಾತ್ರ ನಮಗೆ ಕೇಳಿಸುತ್ತಿತ್ತು. ಯಾರಾದರೂ ತೀರಿಕೊಂಡರೆ ಮಗ್ಗ ನಿಲ್ಲಿಸುತ್ತಿದ್ದರು. ಆಗ ಎಲ್ಲರೂ ಬಾಗಿಲಿಗೆ ಬಂದು, “ಏನಾಯ್ತು, ಏನಾಯ್ತು?” ಎಂದು ಕೇಳುತ್ತಿದ್ದರು.

ನಾನು ಹೇಳುವುದು ಅಮರಾವತಿ ಅಣೆಕಟ್ಟು ಕಟ್ಟುತ್ತಿದ್ದ ಕಾಲದ ಮಾತು. ನನಗೆ ಹದಿನೆಂಟು ವರ್ಷ. ಉಡುಮಲೈಪೇಟೆಗೆ ಮದುವೆ ಮಾಡಿಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದೆ. ಆ ವರುಷ ಬೇಸಿಗೆ ಮುಗಿಯಲೇ ಇಲ್ಲ. ಬೀದಿಯ ಕೊನೆಯ ಸಿಹಿನೀರಿನ ಬಾವಿ ಒಣಗಿ, ತಳದ ಬಂಡೆ ಆಮೆಯ ಬೆನ್ನಿನ ಹಾಗೆ ಕಾಣುತ್ತಿತ್ತು. ಕುಡಿಯುವ ನೀರು ಊರಾಚೆಯ ತೋಟದಿಂದ ಎತ್ತಿನ ಗಾಡಿಯಲ್ಲಿ, ಪೀಪಾಯಿಯಲ್ಲಿ ಬರುತ್ತಿತ್ತು. ಪಾಲಕ್ಕಾಡಿನ ಕಡೆಯಿಂದ ಬೀಸುವ ಆನಿ ತಿಂಗಳ ಗಾಳಿ ಮಾತ್ರ ಹೊಟ್ಟೆ ತುಂಬ ಇತ್ತು. ಆ ಗಾಳಿಗೆ ಮಳೆಯ ವಾಸನೆ ಇರುತ್ತಿತ್ತು, ಮಳೆ ಇರುತ್ತಿರಲಿಲ್ಲ. ಬಾಣಂತಿ ಕೋಣೆಯ ಕಿಟಕಿಗೆ ಗೋಣಿ ಕಟ್ಟಿದ್ದರು. ಅದರ ಕಂಡಿಯಲ್ಲಿ ಆ ವಾಸನೆ ಒಳಗೆ ಬರುತ್ತಿತ್ತು. ನಾನು ಕಣ್ಣು ಮುಚ್ಚಿ ಕೂಸಿನ ತಲೆಯನ್ನು ಮೂಸುತ್ತಿದ್ದೆ. ಎರಡೂ ಒಂದೇ ವಾಸನೆ ಅನಿಸುತ್ತಿತ್ತು.

ನಮ್ಮ ಊರಲ್ಲಿ ಹುಟ್ಟಿ ಬೆಳೆದು ಮಿಲ್ಲು ಕಟ್ಟಿದ ಒಬ್ಬ ಮುದಲಾಳಿ ಇದ್ದರು. ಅವರ ತಾಯಿ ಜೀವಮಾನವೆಲ್ಲ ದೂರದಿಂದ ನೀರು ಹೊತ್ತವರಂತೆ. ಅವರು ತೀರಿದ ಮೇಲೆ ಅವರ ಹೆಸರಿನಲ್ಲಿ ಮುದಲಾಳಿ ಊರಿಗೆ ಒಂದು ಕಲ್ಲುಕೊಳಾಯಿ ಕೊಟ್ಟರು. ತಮ್ಮ ತೋಟದ ಆಳದ ಬಾವಿಗೆ ಮೋಟರು ಇಟ್ಟು, ಊರ ತುದಿಯಲ್ಲಿ ಒಂದು ಟ್ಯಾಂಕು ಕಟ್ಟಿಸಿ, ಅಲ್ಲಿಂದ ನೆಲದಡಿ ಪೈಪು ಹಾಕಿಸಿ ನಮ್ಮ ಬೀದಿಯ ಬಾಯಿಗೆ ನೀರು ತಂದರು. ಅಲ್ಲಿ ಕಲ್ಲುಕುಟಿಗರು ಎರಡು ತಿಂಗಳು ಕೂತು ಬಿಳಿಗಪ್ಪು ಕಲ್ಲಿನಲ್ಲಿ ಕಂಬ ಕಡೆದರು. ಒಂದು ಆಳಿಗಿಂತ ಸ್ವಲ್ಪ ಎತ್ತರ. ನಾಲ್ಕು ಕಡೆ ನಾಲ್ಕು ಸಿಂಹದ ಮುಖ, ಪ್ರತಿ ಮುಖದ ಕೆಳಗೆ ಒಂದು ಕಲ್ಲಿನ ಬಟ್ಟಲು, ಬುಡದಲ್ಲಿ ಎತ್ತುಗಳು ಕುಡಿಯಲು ಒಂದು ತೊಟ್ಟಿ. ಸಿಂಹಗಳು ಸಿಂಹದ ಹಾಗಿರಲಿಲ್ಲ. ಹಾಲು ಕದ್ದು ಸಿಕ್ಕಿಬಿದ್ದ ಬೆಕ್ಕಿನ ಹಾಗಿದ್ದವು. ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಕಲ್ಲುಕುಟಿಗನನ್ನು ನೇರವಾಗಿ ಕೇಳಿದ್ದಳು: “ಏನಪ್ಪಾ, ಸಿಂಹ ನೋಡಿದ್ದೀಯಾ ನೀನು?” ಅವನು ಉಳಿ ಕೆಳಗಿಡದೆ ತಮಿಳಿನಲ್ಲಿ, “ನೀವು ನೋಡಿದ್ದೀರಾ ಆತ್ತಾ?” ಎಂದನಂತೆ.

ಕೆಲಸ ಮುಗಿದ ಮೇಲೆ, ಕೊಯಮತ್ತೂರಿನಿಂದ ಯಾರೋ ದೊಡ್ಡವರು ಬಂದು ಬಟ್ಟೆ ಸರಿಸಿ ಕೊಳಾಯಿ ಬಿಡುವುದೆಂದು ಆಯಿತು. ಅದಕ್ಕೆ ಕಂಬವನ್ನು ಮುಚ್ಚಲು ಒಂದು ಕೆಂಪು ಬಟ್ಟೆ ಬೇಕು. ಮುದಲಾಳಿಯ ಗುಮಾಸ್ತರು ನಮ್ಮ ಅಪ್ಪನ ಹತ್ತಿರ ಬಂದರು. ಇಷ್ಟು ಉದ್ದ, ಇಷ್ಟು ಅಗಲ, ಗಟ್ಟಿಯಾದ ಕೆಂಪು ಬಟ್ಟೆ, ಹತ್ತು ದಿನದಲ್ಲಿ ಆಗಬೇಕು ಎಂದು ಹೇಳಿ ಹೋದರು.

ಇಲ್ಲೇ ಎಡವಟ್ಟಾದದ್ದು. ಅಪ್ಪನ ಮಗ್ಗದಲ್ಲಿ ಆಗ ಸೀರೆಗೆಂದು ಉದ್ದದ ಎಳೆಗಳ ಹಾಸು ಏರಿತ್ತು. ಕೆಂಪು ಒಡಲು, ಎರಡು ಬದಿಗೆ ಹಸಿರು ಅಂಚು. ಆ ಹಾಸನ್ನು ಬಿಚ್ಚಿ ಬರೀ ಬಟ್ಟೆಯ ಹಾಸು ಏರಿಸಿ, ಎಳೆ ಎಳೆ ಗಂಟು ಹಾಕುವುದರಲ್ಲೇ ಹತ್ತು ದಿನ ಮುಗಿದುಹೋಗುತ್ತಿತ್ತು. ಅಪ್ಪ ಯೋಚಿಸಿ, ಇದ್ದ ಹಾಸಿನಲ್ಲೇ ನೇಯಲು ಕೂತರು. ಅಂಚು ತಾನಾಗಿ ಬಂತು. ಆರು ಗಜ ಆದೊಡನೆ ಅವರ ಕೈ ಕೇಳದೆ ಸೆರಗು ನೇಯ್ದುಬಿಟ್ಟಿತು. ಮೂವತ್ತು ವರ್ಷ ಸೀರೆಯನ್ನೇ ನೇಯ್ದ ಕೈ, ಬೇರೇನು ಮಾಡೀತು? ಗುಮಾಸ್ತರು ಕೇಳಿದ್ದು ಒಂದು ದೊಡ್ಡ ಮುಸುಕು, ಅಪ್ಪನ ಮಗ್ಗದಿಂದ ಇಳಿದದ್ದು ಮೂರು ಸೀರೆ.

“ಕೇಳಿದ್ದೇನು, ನೀನು ಮಾಡಿದ್ದೇನು?” ಎಂದಳು ಅಜ್ಜಿ.

“ಕಲ್ಲಿಗೆ ಗೊತ್ತಾಗುತ್ತಾ ಅವ್ವಾ, ಇದು ಸೀರೆ ಅಂತ?” ಎಂದರು ಅಪ್ಪ.

“ಕಲ್ಲಿಗೆ ಗೊತ್ತಾಗಲ್ಲ. ನೋಡೋರಿಗೆ ಕಣ್ಣಿಲ್ವಾ?”

ಗಾರೆಯವರು ಬಿಟ್ಟುಹೋಗಿದ್ದ ನಾಲ್ಕು ಬಿದಿರು ಕಲ್ಲುಕಂಬದ ಸುತ್ತ ನಿಂತಿದ್ದವು. ಅಪ್ಪ ಎರಡು ಸೀರೆಯನ್ನು ಆ ಬಿದಿರುಗಳ ಹೊರಗಿಂದ ಸುತ್ತಿದರು. ಸುತ್ತಿದವರು ಸುಮ್ಮನಿರದೆ, ಮುಂದೆ ಹೆಚ್ಚು ಉಳಿದ ಬಟ್ಟೆಗೆ ನೆರಿಗೆ ಹಿಡಿದರು. ಮೂರನೆಯದನ್ನು ತಲೆಯ ಮೇಲಿಂದ ಹೊದಿಸಿ ಸೆರಗನ್ನು ಮುಂದಕ್ಕೆ ಇಳಿಬಿಟ್ಟರು. ದೂರ ನಿಂತು ನೋಡಿದವರಿಗೆ ಬೀದಿಯ ಬಾಯಲ್ಲಿ ತಲೆತುಂಬ ಸೆರಗು ಹೊದ್ದ ಒಬ್ಬ ದೊಡ್ಡ ಹೆಂಗಸು ನಿಂತ ಹಾಗೆ ಕಂಡಿತು. ಗಾಳಿ ಬಂದರೆ ಸೀರೆ ಉಬ್ಬುತ್ತಿತ್ತು, ನಿಂತರೆ ಇಳಿಯುತ್ತಿತ್ತು. ಉಸಿರಾಡುವಂತೆ.

ಅಜ್ಜಿ ಬಹಳ ಹೊತ್ತು ನೋಡಿ, “ಸೊಂಟ ಸ್ವಲ್ಪ ದಪ್ಪವಾಯ್ತು,” ಎಂದಳು. ಆಮೇಲೆ ಅವಳಿಗೇ ತಿಳಿಯದ ಹಾಗೆ ಕೈ ಮುಗಿದಳು.

ಮಾರನೆಯ ದಿನ ಯಾರೋ ಒಂದು ಮೊಳ ಹೂವು ಇಟ್ಟಿದ್ದರು. ಅದರ ಮಾರನೆಯ ದಿನ ಕುಂಕುಮ. ಗಾಡಿ ಹೊಡೆಯುವವರು ಎತ್ತನ್ನು ನಿಲ್ಲಿಸಿ ಕೆನ್ನೆ ಮುಟ್ಟಿಕೊಂಡು ಹೋಗುತ್ತಿದ್ದರಂತೆ. ನಾನು ಇದನ್ನೆಲ್ಲ ಕೋಣೆಯೊಳಗೆ ಮಲಗಿ ಕೇಳುತ್ತಿದ್ದೆ. ಕೇಳುತ್ತ ಕೇಳುತ್ತ ನಿದ್ದೆ ಹೋಗುತ್ತಿದ್ದೆ. ನಿದ್ದೆಯಲ್ಲಿ ಆ ಕೆಂಪು ಸೀರೆಯವಳು ಬೀದಿಯಲ್ಲಿ ನಡೆದು ಬಂದು, ನಮ್ಮ ಮನೆಯ ಮುಂದೆ ನಿಂತು ಕೂಸನ್ನು ಕೇಳುತ್ತಿದ್ದಳು.

ನನ್ನ ಕಷ್ಟ ಏನೆಂದು ಈಗ ಹೇಳಬೇಕು.

ನಮ್ಮ ಮನೆತನದ ಪದ್ಧತಿ ಹೀಗೆ. ಹೆತ್ತು ಮೂವತ್ತನೆಯ ದಿನದ ಹೊತ್ತಿಗೆ ಬಾಣಂತಿ ಗಂಗೆ ಪೂಜೆ ಮಾಡಬೇಕು. ನೀರಿನ ದಡದಲ್ಲಿ ಐದು ಸಣ್ಣ ಕಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ನೆನೆಸಿದ ಕಡಲೆ ಇಟ್ಟು, ಆ ನೀರಿನಲ್ಲಿ ತನ್ನ ಮುಖ ನೋಡಿಕೊಳ್ಳಬೇಕು. ಅಲ್ಲಿಯವರೆಗೆ ಅವಳ ಕೈಗೆ ಕನ್ನಡಿ ಕೊಡುವುದಿಲ್ಲ. ಆಮೇಲೆ ತಾನೇ ಒಂದು ಬಿಂದಿಗೆ ನೀರು ತುಂಬಿ ಮನೆಗೆ ತರಬೇಕು. ಇದು ಆಗುವವರೆಗೆ ತಾಯಿ ಮಗು ಊರ ಗಡಿ ದಾಟುವಂತಿಲ್ಲ. ನೀರು ನೆಲದಿಂದ ಬರುವ ನೀರೇ ಆಗಬೇಕು. ಪೀಪಾಯಿಯ ನೀರು ನಡೆಯುವುದಿಲ್ಲ, ಹಿತ್ತಿಲ ಬಾವಿಯ ಉಪ್ಪುನೀರೂ ನಡೆಯುವುದಿಲ್ಲ. ಊರಾಚೆಯ ತೋಟದ ಬಾವಿಗೆ ಹೋಗೋಣವೆಂದರೆ ಅದು ಗಡಿಯ ಆಚೆ.

ಆನಿ ತಿಂಗಳು ಮುಗಿಯುತ್ತ ಬಂದಿತ್ತು. ಆಡಿ, ಅಂದರೆ ಆಷಾಢ, ಹುಟ್ಟಿದರೆ ತಿಂಗಳೆಲ್ಲ ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸುವುದಿಲ್ಲ. ಮನೆಯವರು ಹೆರಿಗೆಯಾದ ಐದನೆಯ ದಿನ ಬಂದಿದ್ದರು. ಕೋಣೆಯೊಳಗೆ ಬಿಡದೆ ಬಾಗಿಲಲ್ಲೇ ನಿಲ್ಲಿಸಿದರು. ಅವರು ಕಂಡದ್ದು ಒಂದು ಬಟ್ಟೆಯ ಗಂಟು ಮಾತ್ರ. ಹೋಗುವಾಗ ಬಾಗಿಲಿಗೆ ಒರಗಿ, “ಮೂಗು ಯಾರ ಹಾಗಿದೆ? ಅದನ್ನಾದರೂ ಹೇಳು,” ಎಂದರು. ನನಗೆ ನಾಚಿಕೆಯಾಗಿ ಹೇಳಲಿಲ್ಲ. ಅದನ್ನು ನೆನೆದು ನೆನೆದು ಅಳುತ್ತಿದ್ದೆ. ಆನಿಯ ಕೊನೆಯ ಶನಿವಾರ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಕಾಗದ ಬರೆದಿದ್ದರು. ಶುಕ್ರವಾರದೊಳಗೆ ಗಂಗೆ ಪೂಜೆಯಾದರೆ ಶನಿವಾರ ಬಸ್ಸು. ಆಗದಿದ್ದರೆ ಆಡಿ ಕಳೆದು ಆವಣಿ ಬರುವವರೆಗೆ ನಾನು ಇಲ್ಲಿ, ಅವರು ಅಲ್ಲಿ. ಕೂಸಿಗೆ ಎರಡು ತಿಂಗಳು ದಾಟಿದರೂ ಅಪ್ಪನಿಗೆ ಅದರ ಮೂಗು ಗೊತ್ತಿರುವುದಿಲ್ಲ.

ಮೊದಲು ಯಾರಿಗೂ ಚಿಂತೆ ಇರಲಿಲ್ಲ. ಬುಧವಾರ ದೊಡ್ಡವರು ಬರುತ್ತಾರೆ, ಕೊಳಾಯಿ ಬಿಡುತ್ತಾರೆ, ಶುಕ್ರವಾರ ಪೂಜೆ ಎಂದು ಅಮ್ಮ ಕಡಲೆಯನ್ನೂ ತಂದಿಟ್ಟಿದ್ದಳು. ಮಂಗಳವಾರ ಸುದ್ದಿ ಬಂತು. ದೊಡ್ಡವರಿಗೆ ಮೈ ಸರಿಯಿಲ್ಲ. ಆಡಿಯಲ್ಲಿ ಒಳ್ಳೆ ಕೆಲಸ ಬೇಡ. ಆವಣಿಯಲ್ಲಿ ನೋಡೋಣ.

ನಾನು ಗೋಡೆಗೆ ಮುಖ ಮಾಡಿ ಮಲಗಿದೆ. ಅಮ್ಮ ಕೊಟ್ಟ ಗಂಜಿ ಕುಡಿಯಲಿಲ್ಲ. ಅಜ್ಜಿ ಬಂದು ಹಾಸಿಗೆಯ ಅಂಚಿನಲ್ಲಿ ಕೂತಳು.

“ಏನು ಕಣ್ಣು? ಮಾಪ್ಪಿಳೆ ನೆನಪಾ?”

ಗಂಡನ ಮಾತು ಬಂದದ್ದೇ ನನಗೆ ಅಳು ಬಂತು.

“ಅಳು. ಬಾಣಂತಿ ಅತ್ತರೆ ಹಾಲು ಕಮ್ಮಿ ಆಗುತ್ತೆ. ಹಾಲು ಕಮ್ಮಿ ಆದರೆ ಕೂಸು ಅಳುತ್ತೆ. ಕೂಸು ಅತ್ತರೆ ನಾನು ಮಲಗೋಕಾಗಲ್ಲ. ನನಗೆ ನಿದ್ದೆ ಬೇಕು. ಅದಕ್ಕೇ ಏನಾದರೂ ಮಾಡಬೇಕು,” ಎಂದು ಎದ್ದಳು.

ಎದುರುಮನೆಯ ದೊಡ್ಡಮ್ಮ ಬಾಗಿಲಲ್ಲೇ ಅವಳನ್ನು ತಡೆದರು. ಪದ್ಧತಿ ಎಂದರೆ ಬೀದಿಯಲ್ಲಿ ಅವರದೇ ಕೊನೆಯ ಮಾತು.

“ಗಂಗೆಗೆ ಪೂಜೆ ಮಾಡೋದು ಗೊತ್ತು. ಪೈಪಿಗೆ ಯಾರು ಮಾಡ್ತಾರೆ? ಕಬ್ಬಿಣದೊಳಗೆ ಬರೋದು ಗಂಗೆಯಾ?”

“ಎಲ್ಲಿಂದ ಬರುತ್ತೆ ಆ ನೀರು?” ಎಂದಳು ಅಜ್ಜಿ.

“ಮುದಲಾಳಿ ತೋಟದ ಬಾವಿಯಿಂದ.”

“ಬಾವಿಗೆ ಎಲ್ಲಿಂದ ಬಂತು?”

“ನೆಲದೊಳಗಿಂದ.”

“ಇಷ್ಟು ದಿನ ಗಂಗೆ ಮಣ್ಣೊಳಗೆ ನಡೆದಳು, ಈಗ ಪೈಪೊಳಗೆ ನಡೀತಾಳೆ. ವಯಸ್ಸಾಯ್ತು ಪಾಪ, ಸುಲಭದ ದಾರಿ ಹಿಡಿದಳು. ನೀನು ಹೋದ ವರುಷ ತಿರುಪ್ಪೂರಿಗೆ ಬಸ್ಸಲ್ಲಿ ಹೋದೆಯಲ್ಲ, ಬೇರೆ ಯಾರೋ ಆಗಿಬಿಟ್ಟೆಯಾ?”

ದೊಡ್ಡಮ್ಮನಿಗೆ ನಗು ಬಂತು. ಬಂದರೂ ಬಿಡದೆ, “ಶರಿ, ಗಂಗೆಯೇ ಅನ್ನು. ಕೊಳಾಯಿ ಯಾರು ಬಿಡ್ತಾರೆ? ಅದರ ಮೇಲಿನ ಬಟ್ಟೆ ಸರಿಸೋಕೆ ನಿನಗೆ ಅಧಿಕಾರ ಉಂಟಾ?” ಎಂದರು.

ನೀರು ಬಿಡುವವರು ಒಬ್ಬರಿದ್ದರು. ಊರ ತುದಿಯ ಟ್ಯಾಂಕಿನ ಬುಡದಲ್ಲಿ ಅವರ ಕಾವಲು. ಗಿಡ್ಡ ಮನುಷ್ಯರು, ವಾಲ್ವು ತಿರುಗಿಸುವ ಉದ್ದದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡೇ ತಿರುಗುತ್ತಿದ್ದರು. ಅಜ್ಜಿ ಅವರ ಹತ್ತಿರ ಹೋದಳು. ಅಲ್ಲಿ ನಡೆದದ್ದನ್ನು ಅವಳು ಬಂದು ನನಗೆ ಇಬ್ಬರ ದನಿಯಲ್ಲೂ ಹೇಳಿದಳು.

“ಮುಡಿಯಾದುಂಗ ಆತ್ತಾ,” ಎಂದರಂತೆ ಅವರು. ಆಗುವುದಿಲ್ಲ ಎಂದು. “ದೊಡ್ಡವರು ಬಟ್ಟೆ ಸರಿಸೋವರೆಗೆ ಅದು ಕೊಳಾಯಿ ಅಲ್ಲ. ಬರೀ ಕಲ್ಲು.”

“ಬಟ್ಟೆ ಸರಿಸು ಅಂತ ಯಾರು ಹೇಳಿದರು? ಆ ಸೀರೆ ನನ್ನ ಮಗ ಉಡಿಸಿದ್ದು. ಅದನ್ನ ಬಿಚ್ಚೋಕೆ ನಾನೇ ಬಿಡಲ್ಲ. ಹೆಣ್ಣಿನ ಸೀರೆಗೆ ಬೀದಿಯಲ್ಲಿ ಕೈ ಹಾಕೋದುಂಟಾ?”

“ಹಾಗಾದರೆ ನೀರು ಯಾಕೆ?”

ಅಜ್ಜಿ ನನ್ನ ಕಥೆ ಹೇಳಿದಳು. ಶನಿವಾರದ ಬಸ್ಸು, ಆಡಿ, ಕೂಸಿನ ಮೂಗು, ಎಲ್ಲ. ಅವರು ಕೀಲಿಯನ್ನು ಹೆಗಲಿಂದ ಇಳಿಸಿ ನೆಲಕ್ಕೆ ಊರಿ ಯೋಚಿಸಿದರು.

“ಹೆಣ್ಣಾ ಗಂಡಾ?”

“ಹೆಣ್ಣು.”

“ನನಗೂ ನಾಲ್ಕು ಹೆಣ್ಣು,” ಎಂದರು. ಕೀಲಿಯನ್ನು ಮತ್ತೆ ಹೆಗಲಿಗೇರಿಸಿ, “ಶುಕ್ರವಾರ ಶುಕ್ರವಾರ ನಾನು ಪೈಪಿಗೆ ನೀರು ಬಿಟ್ಟು ಟೆಸ್ಟ್ ನೋಡಬೇಕು. ಇಲ್ಲದಿದ್ದರೆ ತುಕ್ಕು ಹಿಡಿಯುತ್ತೆ. ಇಷ್ಟು ದಿನ ಇಲ್ಲೇ ಟ್ಯಾಂಕಿನ ಹತ್ತಿರ ನೋಡಿ ಮುಚ್ಚಿಬಿಡುತ್ತಿದ್ದೆ. ಈ ಶುಕ್ರವಾರ ಕೊನೆವರೆಗೂ ನೋಡೋಣ ಅಂತ ಇದ್ದೀನಿ. ಎಷ್ಟು ಹೊತ್ತು ಬಿಡಬೇಕು ಅಂತ ಯಾರೂ ಹೇಳಿಲ್ಲ. ನಾನು ಇಲ್ಲೇ ಇರ್ತೀನಿ. ಅಲ್ಲಿ ಏನು ನಡೆಯುತ್ತೆ ಅಂತ ನನಗೆ ಹೇಗೆ ಗೊತ್ತಾಗಬೇಕು?” ಎಂದರು.

ಅಜ್ಜಿ ಇದನ್ನು ಹೇಳಿ ಮುಗಿಸುವ ಹೊತ್ತಿಗೆ ನಾನು ಎದ್ದು ಕೂತು ಗಂಜಿ ಕುಡಿಯುತ್ತಿದ್ದೆ.

ಶುಕ್ರವಾರ ಹೊತ್ತು ಹುಟ್ಟಿತು. ತಲೆಗೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಕಿವಿಗೆ ಬಟ್ಟೆ ಕಟ್ಟಿದರು. ಮೂವತ್ತು ದಿನದ ಮೇಲೆ ಹೊಸ್ತಿಲು ದಾಟಿದೆ. ಬೀದಿ ನನಗೆ ಬೇರೆ ಬೀದಿಯ ಹಾಗೆ ಕಂಡಿತು. ಅಷ್ಟು ಉದ್ದ ಇತ್ತೇ, ಅಷ್ಟು ಬೆಳಕಿತ್ತೇ. ಕಾಲು ನೆಲಕ್ಕೆ ತಾಕುತ್ತಿದೆಯೋ ಇಲ್ಲವೋ ಎಂಬಂತೆ ನಡೆದೆ. ಗಾಳಿ ಹಿಂದಿನಿಂದ ತಳ್ಳುತ್ತಿತ್ತು. ಎರಡು ಬದಿಯ ಮನೆಗಳಲ್ಲಿ ಲಾಳಿಯ ಸದ್ದು ಒಂದೊಂದಾಗಿ ನಿಂತಿತು. ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ಯಾರೂ ಏನಾಯ್ತು ಎಂದು ಕೇಳಲಿಲ್ಲ.

ಕಲ್ಲುಕೊಳಾಯಿಯ ಹತ್ತಿರ ಬಂದಾಗ ದೊಡ್ಡಮ್ಮ ಅಲ್ಲಿ ಮೊದಲೇ ಬಂದು, ಐದು ಕಲ್ಲು ಆರಿಸಿ ತೊಳೆದು ಮಡಿಲಲ್ಲಿ ಇಟ್ಟುಕೊಂಡಿದ್ದರು. ನನ್ನ ಮುಖ ನೋಡದೆ, “ಆಯ್ದಿದ್ದು ಚೆನ್ನಾಗಿದೆಯಾ ನೋಡು. ಒಂದು ಸ್ವಲ್ಪ ಸೊಟ್ಟ,” ಎಂದು ಕೊಟ್ಟರು.

ಅಜ್ಜಿ ನೆರಿಗೆಯ ಹತ್ತಿರ ಸೀರೆಯನ್ನು ಮೊಳದಷ್ಟು ಎತ್ತಿದಳು. “ಬಗ್ಗು ಕಣ್ಣು. ಕೂಸಿನ ತಲೆ ಜೋಪಾನ. ಒಳಗೆ ಒಬ್ಬರಿಗೇ ಜಾಗ.” ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು, ಮಡಿಲಲ್ಲಿ ಕಲ್ಲು, ಕಡಲೆ. ಬಿಂದಿಗೆಯನ್ನು ಹಿಂದಿನಿಂದ ತಳ್ಳಿದರು. ನಾನು ಬಗ್ಗಿ ಒಳಗೆ ಹೋದೆ. ಸೀರೆ ಹಿಂದೆ ಇಳಿಯಿತು.

ಆ ಜಾಗವನ್ನು ಹೇಗೆ ಹೇಳಲಿ? ಈ ವಯಸ್ಸಿನವರೆಗೆ ಎಷ್ಟೋ ಸಲ ಹೇಳಲು ಹೋಗಿ ಬಿಟ್ಟಿದ್ದೇನೆ. ಹೊರಗೆ ಬಿಸಿಲು ಏರುತ್ತಿತ್ತು. ಅದೆಲ್ಲ ಅಪ್ಪ ನೇಯ್ದ ಎಳೆಗಳಲ್ಲಿ ಸೋಸಿ ಒಳಗೆ ಕೆಂಪಾಗಿ ಬರುತ್ತಿತ್ತು. ಕಲ್ಲು ಕೆಂಪು, ನನ್ನ ಕೈ ಕೆಂಪು, ಕೂಸಿನ ಮುಖ ಕೆಂಪು. ಸೀರೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಹೊರಗಿನವರ ಮಾತು ದೂರದ ಊರಿನಿಂದ ಬಂದ ಹಾಗೆ ಕೇಳುತ್ತಿತ್ತು. ಮೂವತ್ತು ದಿನದ ಹಿಂದೆ ಇವಳು ನನ್ನೊಳಗೆ ಇದ್ದಳಲ್ಲ, ಅಲ್ಲೂ ಹೀಗೇ ಇತ್ತೇನೋ ಎಂದು ಅನಿಸಿತು. ಕೂಸು ಕಣ್ಣು ಬಿಟ್ಟು ಸುಮ್ಮನೆ ನೋಡುತ್ತಿತ್ತು. ತನಗೆ ಗೊತ್ತಿದ್ದ ಜಾಗಕ್ಕೆ ಮತ್ತೆ ಬಂದವರ ಹಾಗೆ.

ಐದು ಕಲ್ಲನ್ನು ಸಿಂಹದ ಕೆಳಗಿನ ಬಟ್ಟಲಿನ ಅಂಚಿಗೆ ಇಟ್ಟೆ. ಅರಿಶಿನ ಹಚ್ಚಿದೆ, ಕುಂಕುಮ ಇಟ್ಟೆ, ಕಡಲೆ ಇಟ್ಟೆ. ಸಿಂಹದ ಮುಖ ನನ್ನನ್ನೇ ನೋಡುತ್ತಿತ್ತು. ಅದಕ್ಕೂ ಹಚ್ಚಿದೆ. ಬೆಕ್ಕಿನಂಥ ಮುಖಕ್ಕೆ ಅರಿಶಿನ ಕೆನ್ನೆ, ಹಣೆಗೆ ಕುಂಕುಮ. ಒಂದಕ್ಕೆ ಹಚ್ಚಿ ಮೂರನ್ನು ಬಿಟ್ಟರೆ ಬೇಸರವಾದೀತೆಂದು, ಕಂಬವನ್ನು ತಬ್ಬಿಕೊಂಡ ಹಾಗೆ ಸುತ್ತ ಸರಿದು ನಾಲ್ಕಕ್ಕೂ ಹಚ್ಚಿದೆ. ಆಮೇಲೆ ಕಾದೆ.

ನೀರು ಬರಲಿಲ್ಲ.

ಹೊರಗೆ ಅಮ್ಮ ಏನೋ ಕೇಳುತ್ತಿದ್ದಳು, ಅಜ್ಜಿ ಸುಮ್ಮನಿರು ಎನ್ನುತ್ತಿದ್ದಳು. ಟ್ಯಾಂಕಿನ ಹತ್ತಿರ ಅವರು ಮನಸ್ಸು ಬದಲಿಸಿಬಿಟ್ಟರೆ? ಶನಿವಾರ ಮನೆಯವರು ಬಂದು ಬಾಗಿಲಲ್ಲೇ ನಿಂತು ಹಿಂದಿರುಗಿ ಹೋಗುವುದು ಕಣ್ಣಿಗೆ ಕಟ್ಟಿತು. ನಾನು ಸಿಂಹದ ಬಾಯಿಗೆ ಕಿವಿ ಇಟ್ಟೆ. ದೂರದಲ್ಲಿ, ಬಹಳ ದೂರದಲ್ಲಿ, ಯಾರೋ ಉಸಿರು ಎಳೆದ ಸದ್ದು. ಆಮೇಲೆ ಸುಸ್ ಎಂದು ತಣ್ಣನೆಯ ಗಾಳಿ ನನ್ನ ಕಿವಿಯೊಳಗೆ ಬೀಸಿತು. ಆನಿಯ ಗಾಳಿಯಲ್ಲ, ನೆಲದೊಳಗಿನ ಗಾಳಿ, ಮಣ್ಣಿನ ವಾಸನೆಯದು. ನಾಲ್ಕು ಸಿಂಹಗಳೂ ಕೆಮ್ಮಿದವು. ಮೊದಲು ನಾಲ್ಕು ಹನಿ, ಚಹಾದ ಬಣ್ಣ. ಆಮೇಲೆ ದಾರದಷ್ಟು. ಆಮೇಲೆ ಬೆರಳಿನಷ್ಟು, ತಿಳಿಯಾಗಿ, ಮುಗಿಯದ ಹಾಗೆ.

ನಾನು ಕೂಗಿದೆನಂತೆ. ನನಗೆ ನೆನಪಿಲ್ಲ. ಹೊರಗೆ ಎಲ್ಲರೂ ಒಟ್ಟಿಗೆ ಕೂಗಿದ್ದು ನೆನಪಿದೆ.

ಬಟ್ಟಲು ತುಂಬಿ ನೀರು ಸ್ವಲ್ಪ ನಿಂತಾಗ ಬಗ್ಗಿ ನೋಡಿದೆ. ತಿಂಗಳ ಮೇಲೆ ನನ್ನ ಮುಖ ನೋಡುತ್ತಿದ್ದೆ. ಇವಳು ಯಾರು ಎನಿಸಿತು. ಅಳುತ್ತ ಮಲಗಿದ್ದ ಹುಡುಗಿಯಲ್ಲ. ಯಾರೋ ತುಂಬ ಚೆನ್ನಾಗಿರುವವಳು, ನನ್ನ ಅಮ್ಮನ ಕಣ್ಣಿರುವವಳು. ಪಕ್ಕದಲ್ಲಿ ಕೂಸಿನ ಮುಖವೂ ಬಿತ್ತು. ಅಲುಗುವ ನೀರಿನಲ್ಲಿ ಅದರ ಮೂಗನ್ನು ಮೊದಲ ಸಲ ದೂರದಿಂದ ನೋಡಿದ ಹಾಗಾಯಿತು. ನನಗೆ ನಗು ಬಂತು.

ಬಿಂದಿಗೆ ತುಂಬಿದೆ. ಸೀರೆ ಎತ್ತಿ ಹೊರಗೆ ಬಂದಾಗ ಅಜ್ಜಿ, “ಏನು ಕಂಡೆ?” ಎಂದಳು.

“ಮೂಗು ಅವರದೇ ಅಜ್ಜಿ,” ಎಂದೆ.

ಇಡೀ ಬೀದಿ ನಕ್ಕಿತು. ದೊಡ್ಡಮ್ಮ ಕಣ್ಣೊರೆಸಿಕೊಂಡು, “ಇದನ್ನ ಕಾಣೋಕೆ ಇಷ್ಟು ಕೊಳಾಯಿ ಬೇಕಿತ್ತಾ?” ಎಂದರು. ಆ ಬಿಂದಿಗೆಯ ನೀರಿನಲ್ಲಿ ಅಪ್ಪ ಅವತ್ತೇ ಮಗ್ಗದ ಹೊಸ ಹಾಸಿನ ಎಳೆಗಳಿಗೆ ಹಚ್ಚುವ ಗಂಜಿ ಕಲೆಸಿದರು. ಉಪ್ಪುನೀರಿನ ಗಂಜಿಗೆ ಎಳೆ ಹರಿದು ಹರಿದು ಸಾಕಾಗಿತ್ತು. ಈ ಗಂಜಿಗೆ ಒಂದು ಎಳೆಯೂ ಹರಿಯಲಿಲ್ಲ ಎಂದು ಎಷ್ಟೋ ವರ್ಷ ಹೇಳುತ್ತಿದ್ದರು.

ಶನಿವಾರ ಮನೆಯವರು ಬಂದರು. ಈ ಸಲ ಯಾರೂ ಬಾಗಿಲಲ್ಲಿ ನಿಲ್ಲಿಸಲಿಲ್ಲ. ಕೂಸನ್ನು ಅವರ ಕೈಗೆ ಕೊಟ್ಟೆ. ಅವರು ಕೈಯಲ್ಲಿ ಗಾಜು ಹಿಡಿದ ಹಾಗೆ ಹಿಡಿದರು, ಉಸಿರೂ ಬಿಡಲಿಲ್ಲ. ನೋಡಿದರು, ನೋಡಿದರು. ಆಮೇಲೆ ತಮ್ಮ ಮೂಗನ್ನು ತಾವೇ ಒಂದು ಸಲ ಮುಟ್ಟಿ ನೋಡಿಕೊಂಡರು.

ಮಧ್ಯಾಹ್ನದ ಬಸ್ಸಿಗೆ ಪಲ್ಲಡಂ ದಾರಿಯಲ್ಲಿ ಹೊರಟೆವು. ಬಸ್ಸು ನಮ್ಮ ಬೀದಿಯ ಬಾಯನ್ನು ದಾಟುವಾಗ ಕಿಟಕಿಯಲ್ಲಿ ಅವಳು ಕಂಡಳು. ಕೆಂಪು ಸೀರೆಯವಳು, ಗಾಳಿಗೆ ಸೆರಗು ಹಾರಿಸಿಕೊಂಡು. ಕೆಳಗಿನ ಅಂಚು ಇನ್ನೂ ಒದ್ದೆಯಾಗಿ ಕಪ್ಪಗಿತ್ತು.

“ಅದು ಯಾವ ದೇವಿ? ಹೋದ ಸಲ ಇರಲಿಲ್ಲವಲ್ಲ?” ಎಂದು ಕೇಳಿ ಮನೆಯವರು ಬಸ್ಸಿನಿಂದಲೇ ಕೈ ಮುಗಿದರು.

“ನಮ್ಮವಳೇ,” ಎಂದೆ. ನಾನೂ ಮುಗಿದೆ. ಕೂಸಿನ ಎರಡು ಕೈಯನ್ನೂ ಹಿಡಿದು ಮುಗಿಸಿದೆ. ಉಳಿದದ್ದನ್ನು ಉಡುಮಲೈಪೇಟೆ ಬರುವವರೆಗೆ ಹೇಳಿದೆ. ಅಷ್ಟು ದೂರ ನಾನು ಒಬ್ಬಳೇ ಮಾತಾಡಿದ್ದು ಅದೇ ಮೊದಲು.

ಆವಣಿಯಲ್ಲಿ ಕೊಳಾಯಿ ಬಿಟ್ಟದ್ದನ್ನು ನಾನು ನೋಡಲಿಲ್ಲ. ದೀಪಾವಳಿಗೆ ಬಂದ ಅಪ್ಪ ಹೇಳಿದರು. ದೊಡ್ಡವರು ಬಂದು ದಾರ ಎಳೆದರಂತೆ. ಮೂರು ಸೀರೆಯೂ ಜಾರಿ ಬಿತ್ತಂತೆ. ಒಳಗೆ ನಾಲ್ಕು ಬೆಕ್ಕಿನ ಮುಖ, ನಾಲ್ಕಕ್ಕೂ ಅರಿಶಿನದ ಕೆನ್ನೆ, ಬಟ್ಟಲಿನ ಅಂಚಿನಲ್ಲಿ ಐದು ಸಣ್ಣ ಕಲ್ಲು, ಮೊಳಕೆ ಬಂದು ಒಣಗಿದ ಕಡಲೆ. ಗುಮಾಸ್ತರಿಗೆ ಬೆವರು ಕಿತ್ತುಕೊಂಡಿತಂತೆ. ನೀರು ಬಿಡುವವರು ಆಕಾಶ ನೋಡುತ್ತ ನಿಂತರಂತೆ. “ಯಾರು ಮಾಡಿದ್ದು?” ಎಂದು ಮುದಲಾಳಿ ಕೇಳಿದರು. ಅಜ್ಜಿ ಮುಂದೆ ಬಂದು, “ಒಂದು ಬಾಣಂತಿ ಮಗಳು, ಗಂಡನ ಮನೆಗೆ ಹೋಗಬೇಕಿತ್ತು,” ಎಂದಳು, ಅಷ್ಟೇ.

ಮುದಲಾಳಿ ಆ ಕಲ್ಲಿನ ಕೆನ್ನೆಯನ್ನು ಮುಟ್ಟಿ, ಬೆರಳನ್ನು ನೋಡಿಕೊಂಡರಂತೆ. “ಅಮ್ಮನ ಹೆಸರಿಗೆ ಕಟ್ಟಿಸಿದೆ. ಅಮ್ಮನಿಗೆ ಅರಿಶಿನ ಹಚ್ಚಬೇಕು ಅಂತ ನನಗೆ ಹೊಳೀಲೇ ಇಲ್ಲ,” ಎಂದರಂತೆ. ತೊಳೆಯಲು ಬಂದವರನ್ನು ಬೇಡ ಎಂದು ನಿಲ್ಲಿಸಿದರು. ಎರಡು ಸೀರೆಯನ್ನು ತಾವೇ ಇಟ್ಟುಕೊಂಡು, ಒಂದನ್ನು ಮಡಿಸಿ, ಆ ಮಗಳಿಗೆ ಕೊಡಿ ಎಂದು ಅಪ್ಪನ ಕೈಗೆ ಕೊಟ್ಟರು. ಅಪ್ಪ ದೀಪಾವಳಿಗೆ ತಂದದ್ದು ಅದನ್ನೇ. ಮೊದಲು ಆ ಕೂಸಿಗೇ ತೊಟ್ಟಿಲು ಕಟ್ಟಿದೆ. ಆಮೇಲೆ ಉಳಿದ ಮಕ್ಕಳಿಗೆ, ಮೊಮ್ಮಕ್ಕಳಿಗೆ. ಉಡಲಿಲ್ಲ, ಒಂದು ದಿನವೂ. ಅದು ಬೇರೆಯವಳ ಸೀರೆಯಲ್ಲವೇ?

ಇಷ್ಟನ್ನು ಬರೆದು ಮೊಮ್ಮಗಳಿಗೆ ಓದಿ ಹೇಳಿದೆ. ಅವಳಿಗೆ ಕನ್ನಡ ಓದಲು ಬಾರದು. ಕೂಸಿಗೆ ಹಾಲು ಕೊಡುತ್ತ ಕೇಳಿದಳು. ಮುಗಿದ ಮೇಲೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು.

“ಅಜ್ಜಿ, ಆ ಕೊಳಾಯಿ ಈಗಲೂ ಇದೆಯಾ?”

“ಇದೆ. ಎರಡು ಬೆಕ್ಕಿನ ಬಾಯಲ್ಲಿ ನೀರು ಬರುತ್ತಂತೆ. ಇನ್ನೆರಡು ಸುಮ್ಮನಿವೆ.”

“ನನಗೆ ಮೂವತ್ತನೇ ದಿನ ಯಾವತ್ತು ಬರುತ್ತೆ?”

“ಬರೋ ವಾರದ ಶನಿವಾರ. ಒಂದು ದಿನ ಮುಂಚೆ ಮಾಡಬಹುದು. ಶುಕ್ರವಾರ.”

ಅವಳು ತೂಗುವ ಸೀರೆಯನ್ನು ನೋಡಿದಳು, ಕೂಸನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. “ಆ ಒಂದು ಹೊತ್ತು ತೊಟ್ಟಿಲು ಬಿಚ್ಚಬೇಕಾಗುತ್ತೆ, ಅಲ್ವಾ?” ಎಂದಳು.

ಕಡಲೆ ಈಗಲೇ ತರಿಸಿದ್ದೇನೆ. ಊರ ಗಡಿ ದಾಟಿ ಕಲ್ಲುಕೊಳಾಯಿಗೆ ಹೋಗುವುದು ಪದ್ಧತಿಯೇ ಎಂದು ಕೇಳಲು ದೊಡ್ಡಮ್ಮ ಈಗಿಲ್ಲ. ನಾಲ್ಕು ಬಿದಿರು ಸಿಗುತ್ತದೆಯೋ ಎಂದು ಕೆಳಗಿನ ಮನೆಯವರನ್ನು ಕೇಳಬೇಕು. ಅವರಿಗೆ ಮೂರನೆಯ ಸಲ ಹೇಳಿದ ಹಾಗೂ ಆಗುತ್ತದೆ.